ಎರಡು ಅಕ್ಷರ ಬಂದರೆ ಸಾಕು, ಗದಗ ಓದಬಹುದು

ನಾನು ಗದಗ ತಾಲೂಕಿನ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯಲ್ಲಿ ಕಲಿಸುತ್ತೇನೆ. ಒಂದರಿಂದ ಮೂರನೇ ತರಗತಿಯ 22 ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಮೊದಲ ಕೆಲವು ವರ್ಷ ನಾನೂ ಎಲ್ಲರ ಹಾಗೆ ಅ ಆ ಇ ಈಯಿಂದಲೇ ಶುರು ಮಾಡಿ, 49 ಅಕ್ಷರ ಮುಗಿಸಿ, ಕಾಗುಣಿತಕ್ಕೆ ಹೋಗುತ್ತಿದ್ದೆ. ಮಕ್ಕಳು ಒಟ್ಟಿಗೆ ಹೇಳುವಾಗ ಕೋಣೆ ಗುಂಯ್ ಅನ್ನುತ್ತಿತ್ತು. ಎಲ್ಲರಿಗೂ ಬಂತು ಅಂತ ಖುಷಿಪಡುತ್ತಿದ್ದೆ.

ಒಂದು ದಿನ ಎರಡನೇ ತರಗತಿಯ ಹುಡುಗನಿಗೆ ಕಾರ್ಡಿನಲ್ಲಿ ‘ದ’ ತೋರಿಸಿ, ಇದು ಏನಪ್ಪಾ ಅಂದೆ. ಅವನು ಸುಮ್ನೆ ನಿಂತ. ಆಮೇಲೆ ಅವನ ತುಟಿ ಅಲ್ಲಾಡುವುದು ಕಂಡಿತು. ಹತ್ತಿರ ಬಗ್ಗಿ ಕೇಳಿದೆ. ಕ ಖ ಗ ಘ ಅಂತ ಶುರು ಮಾಡಿದ್ದ. ಗೋಡೆ ಮೇಲಿನ ಪಟದಲ್ಲಿ ಕಣ್ಣು ಸರಿಸುತ್ತಾ ಸಾಲು ಸಾಲಾಗಿ ಇಳಿದು, ತ ಥ ದಗೆ ಬಂದು ‘ದ’ ಅಂದ. ಉತ್ತರ ಸರಿ. ಆದರೆ ಹೀಗೆ ಹುಡುಕುತ್ತಾ ಹೋದರೆ ಒಂದು ಸಾಲು ಓದೋದು ಯಾವಾಗ? ಅವನಿಗೆ ಬಂದಿದ್ದು ಹಾಡು, ಅಕ್ಷರ ಅಲ್ಲ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ನಲಿ-ಕಲಿ ಕಾರ್ಡುಗಳು ನಮ್ಮ ಕಪಾಟಿನಲ್ಲೇ ಇದ್ದವು. ಮಕ್ಕಳು ಕಾರ್ಡು ಹಿಡಿದು ಆಡುತ್ತಾ ಕಲಿಯಲಿ ಅಂತ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅದರಲ್ಲಿ ಮೊದಲು ಬರುವುದು ಅ ಆ ಅಲ್ಲ. ರ, ಗ, ಸ, ದ, ಅ. ಯಾಕೆ ಹೀಗೆ ಅಂತ ನಾನು ಸರಿಯಾಗಿ ಯೋಚಿಸಿರಲಿಲ್ಲ. ಈ ಐದರಲ್ಲೇ ಸರ, ಅರಸ, ಅಗಸ, ಗರಗಸ ಎಲ್ಲಾ ಆಗುತ್ತವೆ. ಕಾಗುಣಿತ ಬೇಡ, ಒತ್ತು ಬೇಡ. ಆಗ ನನಗೆ ಶಾಲೆ ಮುಂದೆ ನಿಲ್ಲುವ ಬಸ್ಸು ನೆನಪಾಯಿತು. ನಾನು ಬಂದಿಳಿದ ಮೇಲೆ ಅದು ಬೋರ್ಡು ತಿರುಗಿಸಿಕೊಂಡು ವಾಪಸ್ ಹೋಗುತ್ತದೆ. ಬೋರ್ಡಿನ ಮೇಲೆ ‘ಗದಗ’. ಎರಡೇ ಅಕ್ಷರ!

ಮರುದಿನ ಮಕ್ಕಳನ್ನು ಗೇಟಿನ ಹತ್ತಿರ ಕರೆದುಕೊಂಡು ಹೋದೆ. ಗ, ದ ಎರಡು ಕಾರ್ಡು ಮಾತ್ರ ಕೈಯಲ್ಲಿ. ಈ ಬಸ್ಸು ಎಲ್ಲಿಗೆ ಹೊಂಟೇತಿ ಅಂದೆ. ಗದಗಕ್ಕ ಅಂದರು. ಹಂಗಾದ್ರ ಅಲ್ಲಿ ಏನು ಬರದಾರ, ನೋಡಿ ಹೇಳ್ರಿ ಅಂದೆ. ದ ಹುಡುಕುತ್ತಿದ್ದ ಆ ಹುಡುಗ ಬೆರಳು ತೋರಿಸಿ “ಗ... ದ... ಗ. ಅಕ್ಕೋರ್ರೀ, ಗದಗ ಬರದಾರ್ರೀ!” ಅಂತ ಕೂಗಿದ. ಈಗ ಪ್ರತಿ ಜೂನ್‌ನಲ್ಲಿ ನನ್ನ ಮೊದಲ ಪಾಠ ಗೇಟಿನ ಹತ್ತಿರವೇ.

ಅಕ್ಷರ ತೋರಿಸುವ ಮೊದಲು ಬಾಯಲ್ಲಿ ಆಡಿಸುತ್ತೇನೆ. ಗದಗ ಅಂದರೆ ಮೂರು ಚಪ್ಪಾಳೆ. ಅವ್ವ ಅಂದರೆ ಎರಡು. ‘ಗ’ದಿಂದ ಶುರುವಾಗುವ ಮಾತು ಹೇಳ್ರಿ ಅಂದರೆ ಗಜ್ಜರಿ ಬರುತ್ತದೆ, ಜೊತೆಗೆ ಗಾಡಿ, ಗುಬ್ಬಿಯೂ ಬರುತ್ತವೆ. ಅವನ್ನು ತಪ್ಪು ಅನ್ನುವುದಿಲ್ಲ. ಹಲಗೆಯ ಒಂದು ಮೂಲೆಯಲ್ಲಿ ಬರೆದಿಡುತ್ತೇನೆ, ಕಾಗುಣಿತಕ್ಕೆ ಬಂದಾಗ ಅವೇ ಕೆಲಸಕ್ಕೆ ಬರುತ್ತವೆ.

ಕಾಗುಣಿತದಲ್ಲೂ ದಾರಿ ಬದಲಿಸಿದೆ. ಮೊದಲು ಕ ಕಾ ಕಿ ಕೀ ಅಂತ ಒಂದೇ ಅಕ್ಷರಕ್ಕೆ ಎಲ್ಲ ಚಿಹ್ನೆ ಹಚ್ಚಿಸುತ್ತಿದ್ದೆ. ಮತ್ತೆ ಅದೇ ಹಾಡು. ‘ಕೆ’ ಒಂದನ್ನೇ ತೋರಿಸಿದರೆ ಮಕ್ಕಳು ಕ ಇಂದ ಎಣಿಸುತ್ತಾ ಬರುತ್ತಿದ್ದರು. ಈಗ ಒಂದು ವಾರ ಒಂದೇ ಚಿಹ್ನೆ, ಬಂದಿರುವ ಎಲ್ಲ ಅಕ್ಷರಕ್ಕೂ. ರಾ, ಗಾ, ಸಾ, ದಾ. ಕೂಡಲೇ ರಾಗ, ದಾರ, ಸಾಗರ ಓದಿಸುತ್ತೇನೆ. ಸರ–ಸಾರ, ದರ–ದಾರ ಪಕ್ಕ ಪಕ್ಕ ಬರೆದು, ಎಲ್ಲಿ ದನಿ ಉದ್ದ ಆಯ್ತು ಅಂತ ಕೇಳುತ್ತೇನೆ. ಒಂದೇ ಥರ ಕಾಣುವ ಅಕ್ಷರಗಳನ್ನು ದೂರ ದೂರ ಇಡುತ್ತೇನೆ. ‘ವ’ಗೆ ಬಾಲ ಹಚ್ಚಿದರೆ ಮ, ‘ಪ’ದ ಹೊಟ್ಟೆಯೊಳಗೆ ಗೀಟು ಎಳೆದರೆ ಷ. ಒಂದು ಗಟ್ಟಿಯಾಗದೆ ಇನ್ನೊಂದು ತಂದರೆ ಎರಡೂ ಕಲಸಿಹೋಗುತ್ತವೆ.

ಒತ್ತಕ್ಷರ ಕೊನೆಗೆ ಕಲಿಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಗು ದಿನಾ ಬಾಯಲ್ಲಿ ಆಡುವ ಮಾತು ಯಾವುವು? ಅವ್ವ, ಅಪ್ಪ, ಅಜ್ಜ, ಅಕ್ಕ, ರೊಟ್ಟಿ. ಎಲ್ಲದರಲ್ಲೂ ಒತ್ತು ಇದೆ. ಅವ್ವ ಅಂತ ಓದಲು ವರ್ಷಗಟ್ಟಲೆ ಕಾಯಬೇಕಾ? ಕ, ಜ, ಪ, ವ ಒತ್ತುಗಳು ಅದೇ ಅಕ್ಷರ ಚಿಕ್ಕದಾಗಿ ಕೆಳಗೆ ಕುಳಿತ ಹಾಗೇ ಕಾಣುತ್ತವೆ, ಮಕ್ಕಳು ಬೇಗ ಹಿಡಿಯುತ್ತಾರೆ. ತ, ಮ, ನ, ಲ ಒತ್ತುಗಳ ರೂಪ ಬೇರೆ. ಅಮ್ಮ, ಅನ್ನ, ಹಲ್ಲು ಸ್ವಲ್ಪ ತಡವಾಗಿ ಬರಲಿ. ಲಕ್ಷ್ಮೇಶ್ವರದ ಬೋರ್ಡು ಓದುವುದಕ್ಕಂತೂ ಜಾಸ್ತಿ ದಿನ ಬೇಕು, ಅದಕ್ಕೆ ಅವಸರ ಮಾಡುವುದಿಲ್ಲ. 34 ವ್ಯಂಜನಗಳ ಕಾಗುಣಿತವೇ 400 ದಾಟುತ್ತದೆ, ಒತ್ತು ಬೇರೆ. ನಮ್ಮ ಮಕ್ಕಳು ನಾಲ್ಕನೇ ತರಗತಿಯಲ್ಲೂ ಅಕ್ಷರ ಕಲಿಯುತ್ತಲೇ ಇರುತ್ತಾರೆ ಅಂತ ಮಕ್ಕಳ ಓದಿನ ಬಗ್ಗೆ ಸಂಶೋಧನೆ ಮಾಡುವ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಒಂದನೇ ತರಗತಿಯಲ್ಲೇ ಎಲ್ಲಾ ಬರಬೇಕು ಅಂತ ಮಕ್ಕಳನ್ನು ಗದರುವ ಪಾಲಕರಿಗೆ ನಾನು ಇದನ್ನೇ ಹೇಳುತ್ತೇನೆ.

ನನ್ನಿಂದ ಆದ ಒಂದು ತಪ್ಪನ್ನು ಹೇಳಲೇಬೇಕು. ಒಬ್ಬ ಹುಡುಗಿ ಪುಸ್ತಕದಲ್ಲಿ ‘ಮನೆ’ ಅಂತ ಇದ್ದರೆ ‘ಮನಿ’ ಅಂತ ಓದುತ್ತಿದ್ದಳು. ಕುದುರೆಗೆ ಕುದುರಿ, ಎಲೆಗೆ ಎಲಿ. ಪ್ರತಿ ಸಲ ತಡೆದು ತಿದ್ದಿದೆ. ಒಂದು ವಾರದಲ್ಲಿ ಅವಳು ಗಟ್ಟಿಯಾಗಿ ಓದುವುದನ್ನೇ ಬಿಟ್ಟಳು. ಅಕ್ಷರ ಗುರುತು ಹಿಡಿದು, ಅರ್ಥ ತಿಳಿದು, ತನ್ನ ಮನೆಯ ಮಾತಿನಲ್ಲಿ ಹೇಳುತ್ತಿದ್ದ ಮಗು ಅದು. ಅರ್ಥ ಆಗದಿದ್ದರೆ ‘ಮನಿ’ ಅಂತ ಬರುತ್ತಲೇ ಇರಲಿಲ್ಲ ಅಲ್ವಾ? ಈಗ ಓದುವಾಗ ತಡೆಯುವುದಿಲ್ಲ. ಬರೆಯುವಾಗ ಮಾತ್ರ, ನಾವು ಮನಿ ಅಂತೀವಿ, ಪುಸ್ತಕದಾಗ ಮನೆ ಅಂತ ಬರೀತಾರ ಅಂತ ಎರಡನ್ನೂ ತೋರಿಸುತ್ತೇನೆ. ಅವಳು ಮತ್ತೆ ಬಾಯಿ ಬಿಡಲು ಎರಡು ತಿಂಗಳು ಬೇಕಾಯಿತು.

ಬಿಸಿಯೂಟ ಆದ ಮೇಲೆ ದಿನಾ ಒಂದು ಕಥೆ ಓದಿ ಹೇಳುತ್ತೇನೆ. ಆಮೇಲೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕೂರಿಸಿಕೊಂಡು ಮೂರು ನಿಮಿಷ. ದಿನಕ್ಕೆ ಏಳೆಂಟು ಮಕ್ಕಳು, ಮೂರು ದಿನಕ್ಕೊಮ್ಮೆ ಎಲ್ಲರ ಸರದಿ ಬರುತ್ತದೆ. ಆಗ ಮಗು ಒಂದು ಮಾತು ಹೇಳುತ್ತದೆ, ಅದು ಹೇಳಿದ ಹಾಗೇ ಅದರ ನೋಟ್‌ಬುಕ್ಕಿನಲ್ಲಿ ನಾನು ಬರೆಯುತ್ತೇನೆ. ಮುಂದಿನ ಸರದಿಯಲ್ಲಿ ಮಗು ಅದನ್ನೇ ಓದಬೇಕು. ನನ್ನ ಕೆಲಸದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಬೇರೆ ಇಲ್ಲ.

ದ ಹುಡುಕುತ್ತಿದ್ದ ಹುಡುಗ ಬರೆಸಿದ್ದು ‘ನಮ್ಮ ಆಡು ಎರಡು ಮರಿ ಹಾಕೇತಿ’ ಅಂತ. ಮುಂದಿನ ಸರದಿಗೆ ಬಂದಾಗ ಸಾಲಿನ ಕೆಳಗೆ ಬೆರಳು ಇಟ್ಟು ಓದಿದ. ‘ಎರಡು’ವಿನಲ್ಲಿ ಸ್ವಲ್ಪ ನಿಂತ. ‘ಮರಿ’ ಸಿಕ್ಕ ಕೂಡಲೇ ಉಳಿದದ್ದು ಒಂದೇ ಉಸಿರಿಗೆ ಬಂತು. ಮತ್ತೊಂದು ಸಲ ಮೊದಲಿಂದ ಓದಿದ, ನಾನು ಹೇಳದಿದ್ದರೂ. ಆಮೇಲೆ ಪೆನ್ಸಿಲ್ ನನ್ನ ಕೈಗೆ ಕೊಟ್ಟು, “ಅಕ್ಕೋರ್ರೀ, ಒಂದು ಮರಿ ಹೆಸರು ಚಂದ್ರಿ ಅಂತ್ರೀ. ಅದನ್ನೂ ಬರೀರಿ” ಅಂದ. ‘ದ’ಕ್ಕೆ ‘ರ’ ಒತ್ತು ನಾನಿನ್ನೂ ಹೇಳಿಕೊಟ್ಟಿರಲಿಲ್ಲ. ಅವತ್ತೇ ಹೇಳಿಕೊಟ್ಟೆ.