ಮ್ಯೂನಿಕ್‌ನಲ್ಲಿ ಊರಿನ ಮಾತು ಕಲಿತ ಬಗೆ: ನನ್ನ ಅನುಭವ

ಜರ್ಮನ್ ಭಾಷೆಯ ಬಿ1 (ಮಧ್ಯಮ ಹಂತದ) ಪರೀಕ್ಷೆ ಪಾಸಾದ ಮೇಲೂ ಆಫೀಸಿನ ಊಟದ ಮೇಜಿನಲ್ಲಿ ಬಾಯಿ ಬಿಡಲಾಗದವರಿಗೆ ಇದು. ಬವೇರಿಯನ್, ಅಂದರೆ ಇಲ್ಲಿನವರ ಆಡುಮಾತಿನ ಜರ್ಮನ್, ಹೊರಗಿನವರ ನಾಲಿಗೆಗೆ ಹೊರಳಲ್ಲ, ಆಸೆ ಬಿಡಿ ಅಂತ ನಮ್ಮವರೇ ಹೇಳುತ್ತಿದ್ದರು. ಹೊರಳಿತು. ಈಗ ನನ್ನನ್ನು ಕಂಡು ಯಾರೂ ಇಂಗ್ಲಿಷಿಗೆ ತಿರುಗುವುದಿಲ್ಲ.

ಮೊದಲು ದುಡ್ಡು ಹೋಯಿತು. ಖಾಸಗಿ ಪಾಠಕ್ಕೆ ಗಂಟೆಗೆ ಹೆಚ್ಚುಕಡಿಮೆ 35 ಯೂರೊ, ಒಟ್ಟು 500 ದಾಟಿತು. ಸಿಕ್ಕಿದ್ದು ಬರೀ ಪುಸ್ತಕದ ಜರ್ಮನ್. ಅಳಿಲಿನ ಬಾಲಕ್ಕೆ ಇಲ್ಲಿನವರು ಹೇಳುವ ‘ಓಆಖ್‌ಕಾಟ್ಸ್‌ಲ್‌ಶ್ವೋಆಫ್’ ಬಾಯಿಪಾಠ ಮಾಡಿದರೂ ಅಷ್ಟೇ: ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಫಲ ಕೊಟ್ಟಿದ್ದು ಫೋನಿನ ನೋಟ್ಸ್. ಪ್ರತಿ ಮಾತಿಗೂ ನಾಲ್ಕು ವಿವರ: ಯಾರು ಹೇಳಿದರು, ಯಾರಿಗೆ, ಯಾವ ಹೊತ್ತಿನಲ್ಲಿ, ಉತ್ತರ ಏನು ಬಂತು. ಅರ್ಥ ಬರೆಯಲೇಬೇಡಿ. ಮೂರು ಬೇರೆ ಬೇರೆ ಬಾಯಲ್ಲಿ ಕೇಳುವ ತನಕ ನೀವು ಆಡಬೇಡಿ. ಉತ್ತರವೇ ಮುಖ್ಯ. ಊಟದ ಹೊತ್ತಿಗೆ ಕಾರಿಡಾರಿನಲ್ಲಿ ‘ಮಾಲ್‌ಟ್ಸೈಟ್’ ಅಂದವರಿಗೆ ಅದನ್ನೇ ತಿರುಗಿ ಹೇಳಿದರೆ ಸಾಕು. ‘ಸೆರ್ವುಸ್’ ಅನ್ನುವ ನಮಸ್ಕಾರ ಬರುವಾಗಲೂ ಹೋಗುವಾಗಲೂ ನಡೆಯುತ್ತದೆ, ಆದರೆ ‘ದೂ’ (ನೀನು) ಅನ್ನುವಷ್ಟು ಸಲಿಗೆ ಇರುವವರ ಹತ್ತಿರ. ಉಳಿದವರಿಗೆ ‘ಗ್ರ್ಯೂಸ್ ಗಾಟ್’. ‘ದೂ’ ಅನ್ನೋಣ ಅಂತ ಹಿರಿಯರೇ ಹೇಳಬೇಕು, ಕಾಯಿರಿ.

ಸ್ನೇಹವೆಲ್ಲ ಇರುವುದು ಪುಟ್ಟ ಪದಗಳಲ್ಲಿ, ಇದನ್ನು ಯಾವ ಕ್ಲಾಸಿನವರೂ ನೆಟ್ಟಗೆ ಕಲಿಸಲಿಲ್ಲ. ಬರೀ ‘ಶಾವೆನ್ ಜೀ’ (ನೋಡಿ) ಅಂತ ಹೇಳಿದರೆ ಅಪ್ಪಣೆ ಕೊಟ್ಟ ಹಾಗಾಗುತ್ತದೆ. ಅದರ ಕೊನೆಗೆ ‘ಮಾಲ್’ ಸೇರಿಸಿ, ‘ಸ್ವಲ್ಪ ನೋಡಿ’ ಅಂದಷ್ಟು ಮೆತ್ತಗಾಗುತ್ತದೆ. ‘ಮಾಲ್’ ಮೇಲೆ ಒತ್ತು ಬೀಳಬಾರದು, ನುಂಗಿದ ಹಾಗೆ ಬರಬೇಕು. ವಾಕ್ಯದ ಕೊನೆಯಲ್ಲಿ ಬರುವ ‘ಗೆಲ್?’ ನಮ್ಮ ‘ಅಲ್ವಾ?’. ‘ಪಾಸ್ಟ್ ಶೋ’ (ಸರಿ ಬಿಡಿ) ಇನ್ನೂ ಉಪಯೋಗಿ: ಬಿಲ್ಲು 18.60 ಆದಾಗ 20ರ ನೋಟು ಕೊಟ್ಟು ಇದನ್ನು ಹೇಳಿದರೆ ಚಿಲ್ಲರೆ ಬಡಿಸಿದವರಿಗೇ; ಕಾಲು ತುಳಿದು ಕ್ಷಮೆ ಕೇಳಿದವರಿಗೂ ಇದೇ ಸಮಾಧಾನ.

ಅಭ್ಯಾಸಕ್ಕೆ ಬಿಯರ್ ಗಾರ್ಡನ್. ಉದ್ದನೆಯ ಮೇಜಿಗೆ ಅಪರಿಚಿತರು ಜೊತೆಗೇ ಕೂರುತ್ತಾರೆ. ಹಳೆಯ ಪದ್ಧತಿಯ ಜಾಗಗಳಲ್ಲಿ ತಿಂಡಿ ಮನೆಯಿಂದ ಒಯ್ಯಬಹುದು, ಹಾಗಾಗಿ ಖರ್ಚು ಒಂದು ಪಾನೀಯದ್ದಷ್ಟೇ. ‘ಇಸ್ಟ್ ದಾ ನೋಖ್ ಫ್ರೈ?’ (ಇಲ್ಲಿ ಜಾಗ ಖಾಲಿ ಇದೆಯಾ?) ಅಂತ ಕೇಳಿ ಕೂತುಕೊಳ್ಳಿ. ‘ಷ್ಟಾಮ್‌ಟಿಶ್’ ಫಲಕವಿರುವ ಮೇಜು ಖಾಯಂ ಗಿರಾಕಿಗಳದ್ದು, ಅತ್ತ ಹೋಗಬೇಡಿ. ಕೂತ ಮೇಲೆ ಮೊದಲ ಮಾತು ತೆಗೆಯಲು ನನ್ನದೊಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಇದೇ ಪದ್ಧತಿಯನ್ನು ಹ್ಯಾಂಬರ್ಗ್‌ನಲ್ಲೂ ಪರೀಕ್ಷಿಸಿದೆ. ಅಲ್ಲಿ ಬೆಳಿಗ್ಗೆಯೂ ‘ಮೊಯಿನ್’, ರಾತ್ರಿಯೂ ‘ಮೊಯಿನ್’. ಪದ್ಧತಿ ನಡೆಯಿತು, ಮ್ಯೂನಿಕ್‌ನ ಪಟ್ಟಿ ನಡೆಯಲಿಲ್ಲ. ಊರಿಗೊಂದು ಫೋಲ್ಡರ್ ಬೇರೆಯೇ ಇಟ್ಟುಕೊಳ್ಳಿ.