ಇಂಗ್ಲೆಂಡಿನಲ್ಲಿ ಪ್ರಾಸ್ಟೇಟ್ ಬಯಾಪ್ಸಿ: ಎಷ್ಟು ಚೂರು, ಎಲ್ಲಿಂದ?

50 ದಾಟಿದ ಗಂಡಸರು ಜಿಪಿಯನ್ನು (ಕುಟುಂಬ ವೈದ್ಯರನ್ನು) ಕೇಳಿ, ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿನ ಗ್ರಂಥಿ) ತೊಂದರೆಯ ಸುಳಿವು ಕೊಡುವ ಪಿಎಸ್‌ಎ ರಕ್ತಪರೀಕ್ಷೆಯನ್ನು ಉಚಿತವಾಗಿ ಮಾಡಿಸಿಕೊಳ್ಳಬಹುದು. ಹಿಂದಿನ 48 ಗಂಟೆ ಸೈಕಲ್ ತುಳಿಯಬೇಡಿ, ವೀರ್ಯಸ್ಖಲನವೂ ಬೇಡ. ಮೂತ್ರದ ಸೋಂಕು ಬಂದಿದ್ದರೆ ಆರು ವಾರ ಕಾಯಿರಿ. ಇಲ್ಲದಿದ್ದರೆ ಅಂಕಿ ಸುಮ್ಮನೆ ಏರಬಹುದು. ನಿಜವಾಗಿ ಹೆಚ್ಚಿದ್ದರೆ ಜಿಪಿ ಆಸ್ಪತ್ರೆಗೆ ತುರ್ತು ರೆಫರಲ್ ಕಳಿಸುತ್ತಾರೆ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು 28 ದಿನದೊಳಗೆ ಹೇಳುವುದು ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ಗುರಿ.

ಬಯಾಪ್ಸಿ, ಅಂದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದಕ್ಕಿಂತ ಮೊದಲು ಎಂಆರ್‌ಐ ಸ್ಕ್ಯಾನ್ ಆಗುತ್ತದೆ. ಕ್ಯಾನ್ಸರಿನ ಅನುಮಾನ ಎಷ್ಟೆಂದು ಅದಕ್ಕೆ 1ರಿಂದ 5ರವರೆಗೆ ಅಂಕ. 3 ಅಥವಾ ಮೇಲಿದ್ದರೆ ಬಯಾಪ್ಸಿ ಮಾಡೋಣ ಎನ್ನುತ್ತಾರೆ. 1, 2 ಬಂದರೆ ನಿಮ್ಮೊಡನೆ ಚರ್ಚಿಸಿ ಬಿಡಲೂಬಹುದು.

ಅನುಮಾನದ ಜಾಗ ಒಂದರಿಂದ ಸಾಮಾನ್ಯವಾಗಿ 3ರಿಂದ 5 ಚೂರು ತೆಗೆಯುತ್ತಾರೆ. ಒಂದೇ ಏಕೆ ಸಾಲದು? ಚೂರೆಂದರೆ ಶಾವಿಗೆ ಎಳೆಯಂಥದ್ದು, ಉದ್ದ ಒಂದೂವರೆ ಸೆಂಟಿಮೀಟರಿನ ಆಸುಪಾಸು. ಎಂಆರ್‌ಐ ಚಿತ್ರವನ್ನು ಸೂಜಿಗೆ ದಾರಿ ತೋರುವ ಅಲ್ಟ್ರಾಸೌಂಡಿಗೆ ಹೊಂದಿಸುವಾಗ ಕೆಲವು ಮಿಲಿಮೀಟರ್ ಆಚೀಚೆಯಾಗುತ್ತದೆ, ಸೂಜಿ ಬಾಗುತ್ತದೆ, ಚುಚ್ಚುತ್ತಾ ಹೋದಂತೆ ಗ್ರಂಥಿ ಊದಿಕೊಳ್ಳುತ್ತದೆ. ಒಂದೇ ಗಡ್ಡೆಯಲ್ಲೂ ಎಲ್ಲ ಕಡೆ ಒಂದೇ ದರ್ಜೆಯ ಕ್ಯಾನ್ಸರ್ ಇರುವುದಿಲ್ಲ. ಅದಕ್ಕೇ ಗಡ್ಡೆಯ ಸುತ್ತಲಿನಿಂದಲೂ ಕೆಲವು ಚೂರು ಸೇರಿಸುವುದುಂಟು. ಇಡೀ ಗ್ರಂಥಿಯಿಂದ ಹನ್ನೆರಡು ತೆಗೆಯುವವರೂ ಇದ್ದಾರೆ.

ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂಬ ನಂಬಿಕೆ ಬಿಡಿ. 2018ರ ಪ್ರಿಸಿಷನ್ ಅಧ್ಯಯನದಲ್ಲಿ ಎಂಆರ್‌ಐ ದಾರಿ (ಅನುಮಾನವಿದ್ದರೆ ಆ ಜಾಗದಿಂದ ಮಾತ್ರ ಚೂರು) ಹಿಡಿದವರ ಪೈಕಿ 38%ರಲ್ಲಿ ಗಂಭೀರ ಕ್ಯಾನ್ಸರ್ ಸಿಕ್ಕಿತು. ಎಂಆರ್‌ಐ ಇಲ್ಲದೆ 10–12 ಚೂರು ತೆಗೆದವರಲ್ಲಿ 26%. ತೊಂದರೆ ಕೊಡದ ಸಣ್ಣ ಕ್ಯಾನ್ಸರ್ ಸಿಕ್ಕಿದ್ದು ಕ್ರಮವಾಗಿ 9% ಮತ್ತು 22%ರಲ್ಲಿ. ಚುಚ್ಚು ಹೆಚ್ಚಾದಂತೆ ರಕ್ತಸ್ರಾವ, ಮೂತ್ರ ಕಟ್ಟುವುದು ಕೂಡ ಹೆಚ್ಚು.

ರಿಪೋರ್ಟಿನಲ್ಲಿ ‘5ರಲ್ಲಿ 5 ಪಾಸಿಟಿವ್’ ಎಂದಿದ್ದರೆ ಹೌಹಾರಬೇಡಿ. ಐದೂ ಒಂದೇ ಗಡ್ಡೆಯವಾದರೆ ಗ್ರಂಥಿಯೆಲ್ಲ ತುಂಬಿದೆ ಎಂದರ್ಥವಲ್ಲ. ಯಾವ ಚೂರು ಎಲ್ಲಿಯದು, ಗ್ರೇಡ್ ಗ್ರೂಪ್ (ಕ್ಯಾನ್ಸರ್ ಎಷ್ಟು ಉಗ್ರ ಎಂಬ ದರ್ಜೆ) ಎಷ್ಟು ಎಂದು ಕೇಳಿ. ಕನ್ನಡದ ದುಭಾಷಿ ಬೇಕೆಂದರೆ ಮುಂಚೆಯೇ ಹೇಳಿ, ಅದಕ್ಕೆ ಹಣ ಕೊಡಬೇಕಿಲ್ಲ.

ಈಗ ಹೆಚ್ಚಾಗಿ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ವೃಷಣಕ್ಕೂ ಗುದದ್ವಾರಕ್ಕೂ ನಡುವಿನ ಚರ್ಮದ ಮೂಲಕ ಸೂಜಿ ಹಾಕುತ್ತಾರೆ; ಗುದನಾಳದ ದಾರಿಗಿಂತ ಸೋಂಕು ಕಡಿಮೆ. ಇತ್ತೀಚೆಗೆ ಭಾರತದ ಊರಿಗೆ ಹೋಗಿಬಂದಿದ್ದರೆ ಅದನ್ನು ಮರೆಯದೆ ತಿಳಿಸಿ: ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕರುಳಿನಲ್ಲಿ ಜೊತೆಗೆ ಬಂದಿರಬಹುದು. ರಕ್ತ ತೆಳುವಾಗಿಸುವ ಮಾತ್ರೆಯ ವಿಷಯವೂ ಅವರಿಗೆ ಗೊತ್ತಿರಲಿ, ನೀವಾಗಿಯೇ ನಿಲ್ಲಿಸಬೇಡಿ. ವೀರ್ಯದಲ್ಲಿ ಕೆಲವು ವಾರ ರಕ್ತ ಕಾಣುವುದು ಸಹಜ. ಚಳಿಜ್ವರ ಬಂದರೆ, ಮೂತ್ರ ಹೋಗದಿದ್ದರೆ ಕೂಡಲೇ ಎ ಅಂಡ್ ಇಗೆ (ಆಸ್ಪತ್ರೆಯ ತುರ್ತು ವಿಭಾಗಕ್ಕೆ) ಹೋಗಿ.

ವಿಸಿಟರ್ ವೀಸಾದಲ್ಲಿ ಬಂದ ಅಪ್ಪನಿಗೆ ಜಿಪಿ ಭೇಟಿ ಉಚಿತ, ಆಸ್ಪತ್ರೆಯ ಬಯಾಪ್ಸಿ ಅಲ್ಲ: ಎನ್‌ಎಚ್‌ಎಸ್ ದರದ 150% ಕಟ್ಟಬೇಕಾಗುತ್ತದೆ.