ಹಿಂದುಳಿದ ಶಾಲೆ ಯಾವುದು? ರಾಯಚೂರು ಜಿಲ್ಲೆಯಲ್ಲಿ ನಾವು ಪಟ್ಟಿ ಮಾಡುವ ಬಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ಬೆನ್ನಿಗೇ ‘ಕಡಿಮೆ ಫಲಿತಾಂಶದ ಶಾಲೆಗಳ ಪಟ್ಟಿ ಕಳಿಸಿ’ ಅಂತ ಪತ್ರ ಬರುತ್ತದೆ. ಎಕ್ಸೆಲ್‌ನಲ್ಲಿ ಶೇಕಡಾವಾರು ಕಾಲಂ ಏರಿಕೆ ಕ್ರಮಕ್ಕೆ ಹಾಕಿ ಮೊದಲ ಹತ್ತು ಹೆಸರು ಎತ್ತಿ ಕಳಿಸುವುದು ಅರ್ಧ ತಾಸಿನ ಕೆಲಸ. ಆದರೆ ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ತಲೆ ಎಣಿಸಿ ಬರುವಂಥದ್ದು, ಕಲಿಕೆಗೂ ಅದಕ್ಕೂ ನಂಟಿಲ್ಲ. ಹಿಂದೆ ಬಿದ್ದ ಶಾಲೆಗೆ ಹೆಚ್ಚಿನ ದುಡ್ಡು ಅಂತ ಸಿಗುವುದು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಂಥ ಕಡೆಯಿಂದ ಮಾತ್ರ. ಪಕ್ಕದ ಬಳ್ಳಾರಿಯ ಸಂಡೂರು ಕಡೆಯಾದರೆ ಜಿಲ್ಲಾ ಖನಿಜ ನಿಧಿಯೂ ಇದೆ. ಆ ದುಡ್ಡು ತಪ್ಪು ಬಾಗಿಲಿಗೆ ಹೋಗಬಾರದು.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳಬೇಕು. ‘ಸ.ಹಿ.ಪ್ರಾ. (ಸರ್ಕಾರಿ ಹಿರಿಯ ಪ್ರಾಥಮಿಕ) ಶಾಲೆ, ತಾಂಡಾ’ ಅಂತ ಹುಡುಕಿದರೆ ಲಿಂಗಸುಗೂರು, ದೇವದುರ್ಗದ ಕಡೆ ಎಷ್ಟೋ ಸಿಗುತ್ತವೆ. ಸಿಂಧನೂರಿನ ಕ್ಯಾಂಪುಗಳದ್ದೂ ಇದೇ ಕಥೆ. ಒಂದೇ ಕಾಂಪೌಂಡಿನಲ್ಲಿ ಕನ್ನಡ ಶಾಲೆ, ಉರ್ದು ಶಾಲೆ ಎರಡೂ ಇದ್ದರೆ ಒಂದರ ಅಂಕ ಇನ್ನೊಂದರ ತಲೆಗೆ ಬೀಳುತ್ತದೆ. ಆದ್ದರಿಂದ ಎಲ್ಲ ಹಾಳೆಗಳನ್ನೂ ದೇಶದ ಪ್ರತಿ ಶಾಲೆಗೂ ಬೇರೆಬೇರೆಯಾಗಿ ಕೊಟ್ಟಿರುವ 11 ಅಂಕಿಯ ಯುಡೈಸ್ ಕೋಡ್‌ನಿಂದಲೇ ಜೋಡಿಸುತ್ತೇವೆ. ಕೋಡ್ ಕಾಲಂ ‘ಟೆಕ್ಸ್ಟ್’ ಆಗಿರಬೇಕು, ಇಲ್ಲದಿದ್ದರೆ ಎಕ್ಸೆಲ್ ಅದನ್ನು 2.9ಇ+10 ಅಂತ ತೋರಿಸುತ್ತದೆ. ಪರೀಕ್ಷಾ ಮಂಡಳಿಯ ಶಾಲಾ ಕೋಡ್ ಬೇರೆಯದೇ. ಎರಡನ್ನೂ ಹೊಂದಿಸುವ ಹಾಳೆ ಒಮ್ಮೆ ಕೈಯಾರೆ ಮಾಡಿಟ್ಟುಕೊಂಡರೆ ವರ್ಷವರ್ಷವೂ ಬರುತ್ತದೆ. ಬಳ್ಳಾರಿಯವರಿಗೆ ಇನ್ನೊಂದು ತೊಡಕು: 2021ರಲ್ಲಿ ವಿಜಯನಗರ ಬೇರೆಯಾಯಿತು, ಅದಕ್ಕೂ ಹಿಂದಿನ ಜಿಲ್ಲಾ ಸರಾಸರಿಯಲ್ಲಿ ಹೊಸಪೇಟೆ, ಹಡಗಲಿಗಳೂ ಸೇರಿವೆ.

ಆಮೇಲೆ ಫಲಿತಾಂಶದ ಲೆಕ್ಕ. 9 ಮಕ್ಕಳು ಪರೀಕ್ಷೆಗೆ ಕೂತ ಶಾಲೆಯಲ್ಲಿ ಒಬ್ಬ ಫೇಲಾದರೆ ಫಲಿತಾಂಶ ಶೇಕಡಾ 11 ಅಂಶ ಬಿತ್ತು. ಒಂದು ವರ್ಷದ ಶೇಕಡಾವಾರು ನೋಡಿದರೆ ಪಟ್ಟಿಯ ತಳದಲ್ಲೂ ತುದಿಯಲ್ಲೂ ಸಣ್ಣ ಶಾಲೆಗಳೇ ತುಂಬಿರುತ್ತವೆ. ಮೂರು ವರ್ಷದ ಪಾಸಾದವರನ್ನು ಕೂಡಿಸಿ, ಮೂರು ವರ್ಷದ ಕೂತವರಿಂದ ಭಾಗಿಸಿ. ಮೂರು ಶೇಕಡಾವಾರುಗಳ ಸರಾಸರಿ ತೆಗೆಯುವುದು ತಪ್ಪು. ಕೂಡಿಸಿದ ಮೇಲೂ 30 ಮಕ್ಕಳಾಗದ ಶಾಲೆಗೆ ನಾವು ಸ್ಥಾನವನ್ನೇ ಕೊಡುವುದಿಲ್ಲ, ನೇರ ಭೇಟಿಯ ಪಟ್ಟಿಗೆ ಹಾಕುತ್ತೇವೆ. ಹೀಗೆ ಕೂಡಿಸುವಾಗ 2023 ಮತ್ತು 2024ನ್ನು ಬೆರೆಸಬೇಡಿ. 2024ರಲ್ಲಿ ಪರೀಕ್ಷಾ ಕೋಣೆಯನ್ನು ಕ್ಯಾಮೆರಾದಲ್ಲಿ ನೇರವಾಗಿ ನೋಡುವ ವೆಬ್‌ಕಾಸ್ಟಿಂಗ್ ಬಂತು, ನಕಲು ನಡೆಯುತ್ತಿದ್ದ ಕೇಂದ್ರಗಳ ಫಲಿತಾಂಶ ಧಡಕ್ಕನೆ ಕುಸಿಯಿತು. ಆ ಕುಸಿತವನ್ನು ಶಾಲೆಯ ಕಲಿಕೆ ಕೆಟ್ಟಿತು ಅಂತ ಓದಬಾರದು, ಅದಕ್ಕೂ ಹಿಂದಿನ ಏರಿಕೆಯನ್ನು ಸುಧಾರಣೆ ಅಂತಲೂ ಓದಬಾರದು. ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಡಲೆಂದು ಆಗಲೇ ಶುರುವಾದ ಪರೀಕ್ಷೆ-1, 2, 3ರಲ್ಲಿ ನಾವು ಪರೀಕ್ಷೆ-1ನ್ನೇ ಹಿಡಿಯುತ್ತೇವೆ.

ಇಷ್ಟಾದರೂ ಭಾಜಕದಲ್ಲಿ ಒಂದು ಮೋಸ ಉಳಿದಿರುತ್ತದೆ. ಮಕ್ಕಳ ದಾಖಲಾತಿಯ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ 9ನೇ ತರಗತಿಗೆ 46 ಮಕ್ಕಳು, ಮರುವರ್ಷ ಎಸ್‌ಎಸ್‌ಎಲ್‌ಸಿಗೆ ಕೂತವರು 31, ಪಾಸಾದವರು 25 ಅಂತಿಟ್ಟುಕೊಳ್ಳಿ. ಫಲಿತಾಂಶ ಶೇ 81, ಸನ್ಮಾನಕ್ಕೆ ಅರ್ಹ. ಆದರೆ 46ಕ್ಕೆ 25 ಅಂದರೆ ಶೇ 54. ಆ 15 ಮಕ್ಕಳಲ್ಲಿ ವರ್ಗಾವಣೆ ಪತ್ರ ಒಯ್ದು ಬೇರೆ ಶಾಲೆ ಸೇರಿದವರನ್ನು ಕಳೆದು, ಉಳಿದವರನ್ನು ಇದೇ ಶಾಲೆಯ ಲೆಕ್ಕಕ್ಕೆ ಹಾಕುತ್ತೇವೆ. ಮೊರಾರ್ಜಿ, ಆದರ್ಶ ವಿದ್ಯಾಲಯಗಳು ಪ್ರವೇಶ ಪರೀಕ್ಷೆ ಮಾಡಿ 6ನೇ ತರಗತಿಗೆ ಮಕ್ಕಳನ್ನು ಆರಿಸಿಕೊಳ್ಳುತ್ತವೆ. ಅವುಗಳ ಪಕ್ಕದ ಊರ ಪ್ರೌಢಶಾಲೆಯನ್ನು ಅವಕ್ಕೇ ಹೋಲಿಸಿ ಬೈಯುವುದು ನ್ಯಾಯವಲ್ಲ.

ಪ್ರಾಥಮಿಕ ಶಾಲೆಗೆ ಪಬ್ಲಿಕ್ ಪರೀಕ್ಷೆಯ ಅಂಕವಿಲ್ಲ. ಎಸ್‌ಎ-1, ಎಸ್‌ಎ-2 (ಸಂಕಲನಾತ್ಮಕ ಮೌಲ್ಯಮಾಪನ) ಅಂಕಗಳನ್ನು ಶಾಲೆಯವರೇ ಹಾಕುತ್ತಾರೆ, ಎಲ್ಲರೂ ‘ಬಿ ಪ್ಲಸ್’. ಪರಖ್‌ನಂಥ ರಾಷ್ಟ್ರೀಯ ಸಮೀಕ್ಷೆಗಳು ಮಾದರಿ ಸಮೀಕ್ಷೆಗಳು, ಜಿಲ್ಲೆಯ ಚಿತ್ರ ಕೊಡುತ್ತವೆಯೇ ಹೊರತು ಇಂಥ ಶಾಲೆ ಅಂತ ಬೆರಳು ತೋರಿಸುವುದಿಲ್ಲ. ಹಾಗಾಗಿ ಸಂಶಯವಿರುವ ಶಾಲೆಗೆ ಹೋಗಿ ನಾವೇ ಓದಿಸುತ್ತೇವೆ. ಹೋಗುವವರು ಬೇರೆ ಕ್ಲಸ್ಟರಿನವರಾಗಿರಬೇಕು (ಅಕ್ಕಪಕ್ಕದ ಶಾಲೆಗಳ ಗುಂಪಿಗೆ ಕ್ಲಸ್ಟರ್ ಅನ್ನುತ್ತಾರೆ). 5ನೇ ತರಗತಿಯ 20 ಮಕ್ಕಳನ್ನು ಚೀಟಿ ಎತ್ತಿ ಆರಿಸುವುದು. ಚೀಟಿ ಎತ್ತಬೇಕಾದದ್ದು ಎಸ್‌ಎಟಿಎಸ್ ಪಟ್ಟಿಯಿಂದ, ಅಂದು ಕೂತ ಮಕ್ಕಳಿಂದಲ್ಲ. ಬಾರದವರಿಗಾಗಿ ಇನ್ನೊಂದು ದಿನ ಹೋಗುವುದು. ಒಂದು ಮಗುವಿಗೆ ಐದಾರು ನಿಮಿಷ, ಇಬ್ಬರು ಹೋದರೆ ಒಂದು ಬೆಳಗ್ಗೆ ಸಾಕು.

ಓದಲು 2ನೇ ತರಗತಿ ಮಟ್ಟದ, ಪಠ್ಯಪುಸ್ತಕದಲ್ಲಿಲ್ಲದ ಏಳೆಂಟು ವಾಕ್ಯ. ನಾಲ್ಕು ಬೇರೆ ಬೇರೆ ಪ್ರತಿ ಬೇಕು, ಯಾಕೆಂದರೆ ಬಾಗಿಲ ಹೊರಗೆ ನಿಂತವರು ಕೇಳಿಯೇ ಕಲಿತುಬಿಡುತ್ತಾರೆ. ಮಗುವಿನ ಬೆರಳು ನೋಡುತ್ತಿರಿ. ಬೆರಳು ಎರಡನೇ ಪದದ ಮೇಲಿದ್ದು ಬಾಯಿ ಐದನೇ ಪದ ಹೇಳುತ್ತಿದ್ದರೆ ಅದು ಕಂಠಪಾಠ. ಕೊನೆಯ ವಾಕ್ಯ ತೋರಿಸಿ ಅಲ್ಲಿಂದ ಓದಿಸಿದರೆ ತಿಳಿಯುತ್ತದೆ. ‘ಹೋಗಿದ್ದಾನೆ’ ಅಂತ ಇದ್ದಲ್ಲಿ ಮಗು ‘ಹೋಗ್ಯಾನ’ ಅಂದರೆ ಅದಕ್ಕೆ ಪೂರ್ತಿ ಅಂಕ. ಅರ್ಥ ಹಿಡಿದು ತನ್ನ ಮಾತಿಗೆ ತಿರುಗಿಸಿಕೊಂಡಿದೆ, ಅದಕ್ಕಿಂತ ಒಳ್ಳೆಯ ಓದು ಇನ್ನೇನು ಬೇಕು? ಹೊರಗಿನಿಂದ ಬಂದ ಪರೀಕ್ಷಕರು ಇದನ್ನೇ ತಪ್ಪು ಅಂತ ಗುರುತು ಹಾಕಿ ಶಾಲೆಯನ್ನು ಕೆಳಗೆ ತಳ್ಳುತ್ತಾರೆ. ಗಣಿತಕ್ಕೆ ಒಂದೇ ಲೆಕ್ಕ ಬಹಳ ಹೇಳುತ್ತದೆ: 52ರಲ್ಲಿ 27 ಕಳೆ. 35 ಅಂತ ಬರೆದ ಮಗು ಪ್ರತಿ ಮನೆಯಲ್ಲೂ ದೊಡ್ಡದರಿಂದ ಚಿಕ್ಕದು ಕಳೆದಿದೆ. ಕಳೆಯುವುದು ಬರುತ್ತದೆ, ದಶಕ ತರುವುದು ಬಂದಿಲ್ಲ. ತರಗತಿಯ ಅರ್ಧಕ್ಕರ್ಧ ಮಕ್ಕಳು 35 ಬರೆದರೆ ಪಾಠ ಯಾವ ಹಂತದಲ್ಲಿ ನಿಂತಿದೆ ಅಂತ ಗೊತ್ತಾಯಿತು.

ತಿಂಗಳು ಮುಖ್ಯ. ಜುಲೈ ಕೊನೆಯಿಂದ ಸೆಪ್ಟೆಂಬರ್ ಒಳಗೆ ಮುಗಿಸಬೇಕು. ಹತ್ತಿ ಬಿಡಿಸಲು ಶುರುವಾಯಿತೆಂದರೆ ದೇವದುರ್ಗ, ಮಾನ್ವಿ ಕಡೆ ಬೆಂಚು ಖಾಲಿ. ದೀಪಾವಳಿ ಮುಗಿದರೆ ಗುಳೆ. ಎಳ್ಳಮಾವಾಸ್ಯೆಯ ಆಜುಬಾಜು, ಸಂತೆಯ ದಿನ ಹೋಗಲೇಬೇಡಿ.

ಕೆಳಗಿದೆ ಅಂತ ಗೊತ್ತಾದ ಶಾಲೆಗೆ ಏನು ಕೊಡಬೇಕೆಂಬುದು ಬೇರೆ ಕಾಲಂ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ ಎರಡನ್ನೇ ಕೇಳಿದರೆ ಸಾಲದು, ‘ನಿಯೋಜನೆ ಮೇಲೆ ಹೊರಗಿರುವವರು’ ಅಂತ ಮೂರನೆಯದನ್ನೂ ಕೇಳಿ. ಸಂಬಳ ಈ ಶಾಲೆಯ ಹುದ್ದೆಯ ಮೇಲೆ, ಕೆಲಸ ಇನ್ನೊಂದು ಕಚೇರಿಯಲ್ಲಿ. ಆ ಖಾಲಿ ಕುರ್ಚಿಗೆ ಸ್ಮಾರ್ಟ್ ಕ್ಲಾಸ್ ಪರದೆ ಪರಿಹಾರವಲ್ಲ, ಒಂದು ಆದೇಶ ಸಾಕು. ಗುಳೆಯಿಂದ ಕಲಿಕೆ ಕಡಿದುಹೋಗಿದ್ದರೆ ಹಂಗಾಮಿ ವಸತಿ ವ್ಯವಸ್ಥೆ, ಮನೆಮಾತು ತೆಲುಗು ಅಥವಾ ಲಂಬಾಣಿಯಾಗಿದ್ದರೆ 1–3ನೇ ತರಗತಿಗೆ ಆ ಭಾಷೆ ಬಲ್ಲ ಅತಿಥಿ ಶಿಕ್ಷಕರು. ಕೋಣೆ ಕಟ್ಟಿಸುವುದು ಎಲ್ಲರಿಗೂ ಇಷ್ಟದ ಬಾಬತ್ತು, ಫೋಟೊ ಚೆನ್ನಾಗಿ ಬರುತ್ತದೆ.

ತಳದ ಹತ್ತು ಶಾಲೆ ಮರುವರ್ಷ ಏನೂ ಮಾಡದಿದ್ದರೂ ಸ್ವಲ್ಪ ಮೇಲೇಳುತ್ತವೆ. ಒಂದು ಕೆಟ್ಟ ವರ್ಷದಿಂದಾಗಿ ತಳಕ್ಕೆ ಬಿದ್ದವು ಮರುವರ್ಷ ತಮ್ಮ ಎಂದಿನ ಮಟ್ಟಕ್ಕೆ ಮರಳುತ್ತವೆ, ಅಷ್ಟೇ. ಹಣದಿಂದ ಏನಾಯಿತೆಂದು ತಿಳಿಯಬೇಕಾದರೆ ಗೆರೆಯ ಸ್ವಲ್ಪವೇ ಮೇಲಿದ್ದು ಹಣ ಸಿಗದ ಹತ್ತು ಶಾಲೆಗಳನ್ನೂ ಅದೇ ಕಾಗದದಿಂದ ಮತ್ತೆ ಓದಿಸಬೇಕು. ಪಟ್ಟಿಗೆ ‘ಕಳಪೆ ಶಾಲೆ’ ಅಂತ ಹೆಸರಿಟ್ಟು ಪತ್ರಿಕೆಗೆ ಕೊಡಬೇಡಿ, ಮರುವರ್ಷ ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತಿರುತ್ತಾರೆ.

ಓದಿಸಿದ ಹಾಳೆಗಳನ್ನು ರದ್ದಿಗೆ ಹಾಕದೆ ಕಟ್ಟಿಡಿ. ಪಟ್ಟಿ ಹೊರಬಿದ್ದ ಮೇಲೆ ‘ನಮ್ಮೂರ ಶಾಲೆಯನ್ನೂ ಸೇರಿಸಿ’ ಅಂತ ಶಿಫಾರಸು ಪತ್ರ ಬಂದೇ ಬರುತ್ತದೆ. ಆಗುವುದಿಲ್ಲ ಅಂತ ನಾವು ಹೇಳುವುದಿಲ್ಲ. ಅದೇ ಹಾಳೆ ಒಯ್ದು ಆ ಶಾಲೆಯ 20 ಮಕ್ಕಳನ್ನು ಓದಿಸಿ, ಬಂದ ಅಂಕ ಎಲ್ಲಿ ಕೂರುತ್ತದೋ ಅಲ್ಲಿ ಹೆಸರು ಬರೆದು ಕಡತ ಮೇಲೆ ಕಳಿಸುತ್ತೇವೆ.